ಸೀಟಿನ ಕೆಳಗಿನ ಸಬ್‌ವೂಫರ್: ಬಾಸ್‌ಗೆ ಅಂತ ತಗೊಂಡೆ, ಚೆನ್ನಾಗಾಗಿದ್ದು ಹಾಡುವವರ ದನಿ

ಸಬ್‌ವೂಫರ್ ಹಾಕಿಸಿದ ಮೇಲೆ ನನ್ನ ಕಾರಲ್ಲಿ ಎಲ್ಲಕ್ಕಿಂತ ಜಾಸ್ತಿ ಸುಧಾರಿಸಿದ್ದು ಬಾಗಿಲಿನ ಸ್ಪೀಕರ್‌ಗಳು. ಅವನ್ನು ಬದಲಾಯಿಸಿಲ್ಲ, ಅದೇ ಹಳೇ ಆರೂವರೆ ಇಂಚಿನವು. ಕ್ರಾಸ್‌ಓವರ್, ಅಂದರೆ ಯಾವ ಸದ್ದು ಯಾವ ಸ್ಪೀಕರಿಗೆ ಹೋಗಬೇಕು ಅಂತ ಹಂಚುವ ಸೆಟ್ಟಿಂಗ್, ಸರಿಯಾಗಿ ಕೂರಿಸಿದ್ದು ಅಷ್ಟೇ. ಈಗ ಅಣ್ಣಾವ್ರ ಹಳೇ ಹಾಡು ಹಾಕಿದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಡ್ಯಾಶ್‌ಬೋರ್ಡ್ ಮೇಲಿಂದ ಬರುತ್ತದೆ. ಇದು ನಾನು ಎದುರು ನೋಡಿರಲೇ ಇಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಬಳಸಿ ಇದನ್ನು ಬರೆಯುತ್ತಿರುವುದೂ ಇದೊಂದೇ ಕಾರಣಕ್ಕೆ.

ಕಾರು ವ್ಯಾಗನ್ ಆರ್. ಡಿಕ್ಕಿ ಬಿಟ್ಟುಕೊಡುವ ಹಾಗಿರಲಿಲ್ಲ. ತಿಪಟೂರು ಕಡೆಯಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಎಲ್ಲ ಅಲ್ಲೇ ಬರಬೇಕು. ಅದಕ್ಕೇ ಪಕ್ಕದ ಸೀಟಿನ ಕೆಳಗೆ ಕೂರುವ, ಒಳಗೇ ಆಂಪ್ (ಸದ್ದಿಗೆ ಬಲ ಕೊಡುವ ಆಂಪ್ಲಿಫೈಯರ್) ಇರುವ 8 ಇಂಚಿನದು ತಗೊಂಡೆ. ವೈರಿಂಗ್ ಕಿಟ್, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದೊಳಗೆ ಮುಗಿಯಬೇಕು ಅನ್ನೋದು ಲೆಕ್ಕ, ಮುಗಿಯಿತು. ಕಂಪನಿ ಹೆಸರು ಬೇಕಂತಲೇ ಹಾಕುತ್ತಿಲ್ಲ. ಈ ಬೆಲೆಯಲ್ಲಿ ನಾನು ನೋಡಿದವೆಲ್ಲ ಹೆಚ್ಚು ಕಮ್ಮಿ ಹೀಗೇ ಇವೆ. ವಾಟ್ಸ್ ಗೀಟ್ಸ್ ಡಬ್ಬದ ಮೇಲೇ ಇರುತ್ತದೆ, ನೋಡಿಕೊಳ್ಳಿ.

ಅಂಗಡಿಯವರು ಕೈಗೆ ಕೊಟ್ಟಾಗ ಹೇಗಿತ್ತು ಅಂದರೆ, ಗೇನ್ (ಸಬ್‌ನ ಜೋರು) ಮುಕ್ಕಾಲು, ಬಾಸ್ ಬೂಸ್ಟ್ ಪೂರ್ತಿ, ಲೋ ಪಾಸ್ ನಾಬ್ (ಇಷ್ಟಕ್ಕಿಂತ ಕೆಳಗಿನ ಸದ್ದನ್ನು ಮಾತ್ರ ಸಬ್‌ಗೆ ಬಿಡುವುದು) 150 ಹರ್ಟ್ಜ್ ಹತ್ತಿರ, ಬಾಗಿಲಿನ ಸ್ಪೀಕರ್‌ಗೆ ಯಾವ ಫಿಲ್ಟರೂ ಇಲ್ಲ. ಅಂಗಡಿ ಮುಂದೆ ಕಾರು ನಿಲ್ಲಿಸಿ ಒಂದು ಹೊಸ ಸಿನಿಮಾ ಹಾಡು ಹಾಕಿದರೆ ಎದೆ ಧಡಧಡ ಅನ್ನುತ್ತದೆ, ಗಿರಾಕಿ ಖುಷಿಯಾಗಿ ದುಡ್ಡು ಕೊಡುತ್ತಾನೆ. ಮಾರನೇ ದಿನ ಅಮ್ಮ ಪಕ್ಕದಲ್ಲಿ ಕೂತು, "ಏನಪ್ಪಾ ಇದು, ಸೀಟಿನ ಕೆಳಗಿಂದ ಯಾರೋ ಗುದ್ದಿದ ಹಾಗಾಗ್ತಿದೆ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹರ್ಟ್ಜ್ ಅಂಕಿ ಇಳಿದಷ್ಟೂ ಸದ್ದು ದಪ್ಪ, ಗಂಡಸರ ದನಿಯ ಕೆಳಗಿನ ಭಾಗ 100 ಹರ್ಟ್ಜ್ ಆಸುಪಾಸಿನಲ್ಲೇ ಇರುತ್ತದೆ. ಸಬ್ 150ರ ತನಕ ನುಡಿದರೆ ಹಾಡುವವರ ಅರ್ಧ ದನಿ ಮುಂದಿನಿಂದ, ಅರ್ಧ ಅಮ್ಮನ ಕಾಲಡಿಯಿಂದ. ಸುಮಾರು 80ಕ್ಕಿಂತ ಕೆಳಗಿನ ಸದ್ದಾದರೆ ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಬಹಳ ಜನ 80ರಿಂದ ಶುರು ಮಾಡಿ ಅನ್ನುವುದು ಅದಕ್ಕೇ.

ಬಾಸ್ ಬೂಸ್ಟ್ ಸೊನ್ನೆ ಮಾಡಿದೆ. ಸ್ಟೀರಿಯೋ ಮೆನುವಿನಲ್ಲಿ ಮುಂದಿನ ಬಾಗಿಲುಗಳಿಗೆ ಹೈ ಪಾಸ್ (ಇಷ್ಟಕ್ಕಿಂತ ಮೇಲಿನ ಸದ್ದನ್ನು ಮಾತ್ರ ಬಿಡುವ ಫಿಲ್ಟರ್) 80 ಹರ್ಟ್ಜ್, ಸ್ಲೋಪ್ 12 ಡೆಸಿಬೆಲ್ ಕೊಟ್ಟೆ. ಅಂದರೆ 80ರಲ್ಲಿ ಟಕ್ ಅಂತ ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ಇಳಿಯುತ್ತಾ 40ಕ್ಕೆ ಬರುವಷ್ಟರಲ್ಲಿ 12 ಡೆಸಿಬೆಲ್ ಕಮ್ಮಿಯಾಗಿರುತ್ತದೆ. ಮೆನುವಿನಲ್ಲಿ ಇದೊಂದು ಸಾಲು ಬದಲಾಯಿಸಿದ ಕೂಡಲೇ ಬಾಗಿಲಿನ ಪ್ಲಾಸ್ಟಿಕ್ ಗಡಗಡ ಅನ್ನೋದು ನಿಂತಿತು, ದನಿ ತಿಳಿಯಾಯಿತು. ಇದಕ್ಕೆ ಕಾರಣ ಇದೆ. ಒಂದೇ ಜೋರಿನಲ್ಲಿ 80ರ ಬದಲು 40 ಹರ್ಟ್ಜ್ ನುಡಿಸಬೇಕಾದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಓಡಾಡಬೇಕು. ಅದೇ ಕೋನ್ ಮೇಲೆ ಹಾಡುವವರ ದನಿಯೂ ಕೂತಿರುತ್ತದೆ, ಹಾಗಾಗಿ ಕೆಳಗಿನ ಕೆಲಸ ಬಿಡಿಸಿದರೆ ಮೇಲಿನದು ಶುದ್ಧವಾಗುತ್ತದೆ. ಸಬ್ ಬೇಡ ಅನ್ನುವವರೂ ಇದೊಂದನ್ನು ಮಾಡಿ ನೋಡಬಹುದು. ಬಾಸ್ ಸ್ವಲ್ಪ ತೆಳುವಾಗುತ್ತದೆ, ಆದರೆ ವಾಲ್ಯೂಮ್ ಎರಡು ಹೆಜ್ಜೆ ಮೇಲೆ ಹೋದರೂ ಕಿರಿಕಿರಿ ಇರುವುದಿಲ್ಲ.

ಇಲ್ಲಿಯವರೆಗೆ ಖುಷಿ. ಈಗ ಸಿಟ್ಟು.

ಈ ಸಬ್‌ನಲ್ಲಿ ಅದರದೇ ಲೋ ಪಾಸ್ ಫಿಲ್ಟರ್ ಇದೆ, ಅದನ್ನು ಆಫ್ ಮಾಡಲು ಸ್ವಿಚ್ಚೇ ಇಲ್ಲ. ಸ್ಟೀರಿಯೋದಲ್ಲೂ ಲೋ ಪಾಸ್ ಇದೆ. ಎರಡನ್ನೂ 80ಕ್ಕೆ ಇಟ್ಟರೆ 12ಕ್ಕೆ 12 ಕೂಡಿ ಸ್ಲೋಪ್ 24 ಆಗುತ್ತದೆ, 80ರಲ್ಲಿ 3 ಡೆಸಿಬೆಲ್ ಇಳಿಯಬೇಕಾದ್ದು 6 ಇಳಿಯುತ್ತದೆ, ಫೇಸ್ (ಅಲೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅನ್ನುವ ಲೆಕ್ಕ) ಕೂಡ ಇನ್ನಷ್ಟು ತಿರುಗುತ್ತದೆ. ತಬಲಾದ ಡಗ್ಗಾ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಆ ಘುಮ್ಮ್ ನಡುವೆ ಎಲ್ಲೋ ಮಾಯವಾಗಿ ಮತ್ತೆ ಬರುತ್ತಿತ್ತು. ಮ್ಯಾನುಯಲ್‌ನಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಇದಕ್ಕೆ ದಾರಿ ಸುಲಭ. ಸಬ್‌ನ ನಾಬನ್ನು ಪೂರ್ತಿ 150ಕ್ಕೇ ತಿರುಗಿಸಿಟ್ಟು, ಕತ್ತರಿಸುವ ಕೆಲಸವನ್ನೆಲ್ಲ ಸ್ಟೀರಿಯೋಗೇ ಬಿಡಿ. ಹೇಗೂ ಆ ನಾಬ್ ಮೇಲೆ ಈ ತುದಿಯಲ್ಲಿ 50, ಆ ತುದಿಯಲ್ಲಿ 150 ಅಂತ ಬಿಟ್ಟರೆ ಮಧ್ಯೆ ಒಂದು ಗೆರೆಯೂ ಇಲ್ಲ, 80 ಎಲ್ಲಿದೆ ಅಂತ ಹುಡುಕುವುದು?

ಅದಕ್ಕಿಂತ ಬೇಸರದ ವಿಷಯ, ಆ ನಾಬ್ ಇರುವ ಜಾಗ. ಸೀಟನ್ನು ಪೂರ್ತಿ ಮುಂದೆ ತಳ್ಳಿ, ಹಿಂದಿನ ಬಾಗಿಲು ತೆಗೆದು, ಮಂಡಿಯೂರಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಸೀಟಿನ ಹಳಿ ಸಂದಿಯಲ್ಲಿ ಸಣ್ಣ ಸ್ಕ್ರೂಡ್ರೈವರ್ ತೂರಿಸಬೇಕು. ಸಬ್‌ನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ಚೂ ಅಲ್ಲೇ. ಡಬ್ಬದ ಜೊತೆ ಬರುವ ವೈರ್ ರಿಮೋಟ್ ಗೇನ್ ಒಂದನ್ನೇ ಬದಲಾಯಿಸುತ್ತದೆ. ಸೀಟಿನ ಕೆಳಗೇ ಕೂರಿಸಬೇಕು ಅಂತ ಮಾಡಿದ ವಸ್ತುವಿನಲ್ಲಿ ಫೇಸ್ ಸ್ವಿಚ್ಚನ್ನು ಕೈಗೆ ಸಿಗುವ ರಿಮೋಟಿಗೆ ತರಬಾರದಿತ್ತಾ?

ಯಾಕೆಂದರೆ ಫೇಸ್ ಸ್ವಿಚ್ ನೋಡಲು ಇಬ್ಬರು ಬೇಕೇ ಬೇಕು. ಮೊಬೈಲಿನಲ್ಲಿ 80 ಹರ್ಟ್ಜ್ ಟೋನ್ ಹಾಕಿ, ಒಬ್ಬರು ಡ್ರೈವರ್ ಸೀಟಿನಲ್ಲಿ ಕೂರಬೇಕು, ಇನ್ನೊಬ್ಬರು ಕೆಳಗೆ ಸ್ವಿಚ್ಚನ್ನು 0, 180 ಅಂತ ಬದಲಾಯಿಸಬೇಕು. ಯಾವುದರಲ್ಲಿ ಜೋರಾಗಿ ಕೇಳುತ್ತೋ ಅದೇ ಸರಿ. 80 ಹರ್ಟ್ಜ್‌ನ ಅಲೆಯ ಉದ್ದ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು. ಬಾಗಿಲು ಒಂದು ದೂರದಲ್ಲಿ, ಸಬ್ ಇನ್ನೊಂದು ದೂರದಲ್ಲಿ, ಮೇಲಿಂದ ಫಿಲ್ಟರ್‌ಗಳೂ ಫೇಸ್ ತಿರುಗಿಸಿರುತ್ತವೆ, ಹಾಗಾಗಿ ಎರಡೂ ಸೇರಿ ಗಟ್ಟಿಯಾಗುವ ಬದಲು ಒಂದನ್ನೊಂದು ತಿಂದುಹಾಕಬಹುದು. ನನ್ನ ಕಾರಲ್ಲಿ 180 ಸರಿ ಬಂತು. ನಿಮ್ಮದರಲ್ಲಿ ಬೇರೆ ಬರಬಹುದು, ಕೇಳಿಯೇ ತೀರ್ಮಾನಿಸಿ.

ಕೊನೆಗೆ ನಿಂತಿದ್ದು ಇಲ್ಲಿ: ಬಾಗಿಲುಗಳು 80ರಿಂದ ಮೇಲೆ, ಸ್ಲೋಪ್ 12. ಸಬ್ 63ರಿಂದ ಕೆಳಗೆ, ಸ್ಲೋಪ್ 24. ನಡುವೆ ಖಾಲಿ ಬಿಟ್ಟಿದ್ದೀರಲ್ಲಾ ಅನ್ನಬಹುದು. ಕಾರಿನ ಒಳಗಿನ ಜಾಗ ಚಿಕ್ಕದು, ಕೆಳಗಿನ ಸದ್ದು ಅಲ್ಲಿ ತಾನಾಗೇ ಉಬ್ಬುತ್ತದೆ, ಆ ಸಂದಿ ನನ್ನ ಕಿವಿಗೆ ಗೊತ್ತೇ ಆಗುವುದಿಲ್ಲ. ಬಾಗಿಲನ್ನು 100ಕ್ಕೆ ಏರಿಸಿಯೂ ನೋಡಿದೆ, ಗಂಡಸರ ದನಿ ಬಡಕಲಾಯಿತು.

ಈಗ ದಿನಾ ಕೈ ಹೋಗುವುದು ಗೇರ್ ಪಕ್ಕ ಅಂಟಿಸಿರುವ ಆ ರಿಮೋಟಿಗೆ ಮಾತ್ರ. ಬೆಳಿಗ್ಗೆ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವಾಗ ಮುಳ್ಳು ಒಂಬತ್ತು ಗಂಟೆ ಕಡೆ ಇರುತ್ತದೆ, ಸಾಕು. ನೆಲಮಂಗಲ ದಾಟಿ ವೇಗ ಹಿಡಿದರೆ ಟೈರಿನ ಗುಂಯ್ ಸದ್ದು ಬಾಸ್ ಅನ್ನೇ ಮೊದಲು ನುಂಗುತ್ತದೆ, ಆಗ ಹನ್ನೊಂದರ ತನಕ. ರಾತ್ರಿ ನಮ್ಮ ಬೀದಿಗೆ ತಿರುಗುವ ಮುಂಚೆ ಪೂರ್ತಿ ಇಳಿಸುತ್ತೇನೆ, ಪಕ್ಕದ ಮನೆಯಲ್ಲಿ ಚಿಕ್ಕ ಮಗು ಇದೆ. ಮೃದಂಗದ ಕಚೇರಿ ಇದ್ದರೆ ಮಾತ್ರ ಸ್ವಲ್ಪ ಏರಿಸುತ್ತೇನೆ. ಎಡಗೈ ಪೆಟ್ಟಿನ ಗುಂಕಿ ಈಗ ಸೀಟಿನಿಂದ ಬರುವುದಿಲ್ಲ, ಬಲಗೈ ಪೆಟ್ಟಿನ ಪಕ್ಕದಲ್ಲೇ, ಗಾಜಿನ ಮುಂದೆ ಕೇಳುತ್ತದೆ. ಅದನ್ನು ಕೇಳುತ್ತಾ ತಿಪಟೂರು ಬಂದಿದ್ದೇ ಗೊತ್ತಾಗುವುದಿಲ್ಲ. ನಾಬಿನ ಮೇಲಿನ ಸಿಟ್ಟೂ ಈಗ ಅಷ್ಟಿಲ್ಲ, ಒಮ್ಮೆ ಕೂರಿಸಿದ ಮೇಲೆ ಆ ಕಡೆ ಹೋಗುವ ಕೆಲಸವೇ ಬಿದ್ದಿಲ್ಲ.

ತೀರಾ ಕೆಳಗಿನ, 30ರ ಆಸುಪಾಸಿನ ಗುಡುಗು ಇದರಲ್ಲಿ ಸಿಗುವುದಿಲ್ಲ. ಅದು ಬೇಕು ಅಂದರೆ ಡಿಕ್ಕಿ ಬಿಟ್ಟುಕೊಟ್ಟು ದೊಡ್ಡ ಡಬ್ಬವನ್ನೇ ಹಾಕಿಸಿ. ದನಿ, ವಾದ್ಯ ಇಷ್ಟಪಡುವವರಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಒಂದು ಷರತ್ತು. ಕಾರಿನ ಜೊತೆ ಬಂದ ಸ್ಟೀರಿಯೋಗಳಲ್ಲಿ ಹೆಚ್ಚಿನವಕ್ಕೆ ಸಬ್ ಔಟ್‌ಪುಟ್ ಇರುವುದಿಲ್ಲ, ಹೈ ಪಾಸ್ ಮೆನುವೂ ಇರುವುದಿಲ್ಲ. ಅಂಗಡಿಯವರು "ಸ್ಪೀಕರ್ ವೈರಿಂದಲೇ ಲೈನ್ ಎಳೆದುಕೊಡ್ತೀವಿ ಸಾರ್, ನಡೆಯುತ್ತೆ" ಅನ್ನುತ್ತಾರೆ. ನಡೆಯುವುದೇನೋ ನಿಜ, ಆದರೆ ಬಾಗಿಲಿನ ಸ್ಪೀಕರ್‌ಗಳು ಮೊದಲಿನ ಹಾಗೇ ಎಲ್ಲವನ್ನೂ ಹೊತ್ತುಕೊಂಡು ಒದ್ದಾಡುತ್ತಿರುತ್ತವೆ. ಅಂಥ ಕಾರಿದ್ದರೆ ಮೊದಲು ಹೈ ಪಾಸ್, ಲೋ ಪಾಸ್ ಎರಡೂ ಇರುವ ಸ್ಟೀರಿಯೋ ತಗೊಳ್ಳಿ, ಸಬ್ ಆರು ತಿಂಗಳು ತಡವಾದರೂ ಪರವಾಗಿಲ್ಲ.