ಕೊಲೆ ಎಲ್ಲಿ ಮಾಡಿಸೋಣ: ದುರ್ಗದಲ್ಲೋ, ದಾವಣಗೆರೆಯಲ್ಲೋ?

ಪತ್ತೇದಾರಿ ಕಾದಂಬರಿ ಬರೆಯಲು ಹೊರಟವರ ಕಣ್ಣು ಮೊದಲು ಬೀಳುವುದು ಚಿತ್ರದುರ್ಗದ ಮೇಲೆ. ಏಳು ಸುತ್ತಿನ ಕೋಟೆ, ಚಂದ್ರವಳ್ಳಿಯ ಕತ್ತಲ ಗುಹೆ, ಬಂಡೆಗಳ ಸಂದಿ. ಹೆಣ ಬಚ್ಚಿಡಲು ಜಾಗಕ್ಕೆ ಬರವಿಲ್ಲ! ಆದರೆ ಓದುಗನೂ ಅಲ್ಲೇ ಹುಡುಕುತ್ತಾನೆ, ಅಲ್ವಾ? ಓಬವ್ವನ ಕಿಂಡಿಯಂತೂ ಬೇಡವೇ ಬೇಡ.

ನನ್ನ ಓಟು ದಾವಣಗೆರೆಗೆ. ಮುಚ್ಚಿದ ಹತ್ತಿ ಗಿರಣಿ, ಮಂಡಕ್ಕಿ ಭಟ್ಟಿಯ ಹೊಗೆ, ಎಪಿಎಂಸಿಯಲ್ಲಿ ದಲ್ಲಾಳಿಗಳ ಕೂಗು. ಇಲ್ಲಿ ಕೊಲೆಗೆ ನಿಧಿ, ಶಾಪ ಬೇಕಿಲ್ಲ. ಸಾಲ, ಸೈಟು, ಪಾಲುದಾರಿಕೆ ಸಾಕು. ಪತ್ತೇದಾರ ಬೆಣ್ಣೆ ದೋಸೆ ಹೋಟೆಲಿನಲ್ಲಿ ಸುಮ್ನೆ ಕೂತರೂ ಅರ್ಧ ಸುಳಿವು ಕಿವಿಗೆ ಬೀಳುತ್ತದೆ. ಒಂದು ಎಚ್ಚರ: 1997ಕ್ಕೆ ಮುಂಚೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಕಥೆ ಆ ಕಾಲದ್ದಾದರೆ ಎಸ್ಪಿ ಸಾಹೇಬರ ಜೀಪು ದುರ್ಗದಿಂದಲೇ ಬರಬೇಕು.