ಕಾಲಿನ ರಕ್ತನಾಳದ ಕಾಯಿಲೆಗೆ ಮನೆಯಲ್ಲೇ ನಡಿಗೆ: 14 ತಿಂಗಳ ಬಳಕೆಯ ನಂತರ
ಕಾಲಿನ ಅಪಧಮನಿಗಳಲ್ಲಿ ಕೊಬ್ಬು ಕಟ್ಟಿಕೊಂಡು ರಕ್ತದ ಹರಿವು ಕಡಿಮೆಯಾಗುವ ಪೆರಿಫೆರಲ್ ಆರ್ಟರಿ ಡಿಸೀಸ್ ಇರುವವರಿಗೆ ವೈದ್ಯರು ಮಾತ್ರೆಗಳ ಜೊತೆಗೆ ಹೇಳುವ ಮುಖ್ಯ ಚಿಕಿತ್ಸೆ ನಡಿಗೆ. ವಾರಕ್ಕೆ ಮೂರು ದಿನದಂತೆ 12 ವಾರ ಆಸ್ಪತ್ರೆಗೆ ಹೋಗಿ ಸಿಬ್ಬಂದಿಯ ಎದುರಿನಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಯುವುದು ಇದರ ಹಳೆಯ, ಚೆನ್ನಾಗಿ ಪರೀಕ್ಷೆಗೊಳಗಾದ ಕ್ರಮ. ಅಷ್ಟು ಸಲ ಹೋಗಿಬರುವುದು ನನ್ನಿಂದಾಗದ ಕಾರಣ, ಕೈಗೆ ಕಟ್ಟುವ ಗಡಿಯಾರ, ಫೋನಿನಲ್ಲಿ ಒಂದು ಆ್ಯಪ್, ವಾರಕ್ಕೊಮ್ಮೆ ಫಿಸಿಯೊಥೆರಪಿಸ್ಟ್ ಮಾಡುವ ಕರೆ ಇವಿಷ್ಟನ್ನು ಒದಗಿಸುವ ಕಾರ್ಯಕ್ರಮವೊಂದಕ್ಕೆ ಸೇರಿಕೊಂಡೆ.

ಆಗ ನನ್ನ ಬಲಗಾಲಿನ ಎಬಿಐ, ಅಂದರೆ ಕಾಲಗಂಟಿನ ರಕ್ತದೊತ್ತಡಕ್ಕೂ ತೋಳಿನ ರಕ್ತದೊತ್ತಡಕ್ಕೂ ಇರುವ ಅನುಪಾತ, 0.68 ಇತ್ತು, ಇದು 0.90ಕ್ಕಿಂತ ಕೆಳಗಿದ್ದರೆ ಕಾಯಿಲೆ ಇದೆಯೆಂದು ಪರಿಗಣಿಸುತ್ತಾರೆ. ನಾಲ್ಕು ನಿಮಿಷ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಸ್ವಲ್ಪ ಹೊತ್ತಿನಲ್ಲಿ ಬಿಡುತ್ತಿತ್ತು. ಸೇರಿಸಿಕೊಳ್ಳುವ ಮುನ್ನ ಅವರು ಹೃದಯ ತಪಾಸಣೆಯ ವರದಿ ಕೇಳಿದ್ದು ಸರಿಯಾದ ಕ್ರಮವೆಂದೇ ಹೇಳಬೇಕು.

ಮೊದಲ ಐದು ವಾರ ನಾನು ಹೆಜ್ಜೆಗಳ ಬೆನ್ನು ಹತ್ತಿದೆ. ದಿನದ ಗುರಿ ಮುಟ್ಟಿದರೆ ಆ್ಯಪ್‌ನಲ್ಲಿ ಹಸಿರು ವೃತ್ತ ತುಂಬುತ್ತಿತ್ತು. ಅದನ್ನು ತುಂಬಿಸಲು ಮನೆಯೊಳಗೇ ನಿಧಾನವಾಗಿ, ಕಾಲು ನೋಯುವ ಮುಂಚೆಯೇ ನಿಲ್ಲುತ್ತ, ದಿನಕ್ಕೆ ಹತ್ತಾರು ಸಲ ಓಡಾಡಿದೆ. ಹೆಜ್ಜೆಗಳ ಸಂಖ್ಯೆ 3,000ದಿಂದ 5,000ಕ್ಕೆ ಏರಿತು, ಆದರೆ ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಆರಂಭದಲ್ಲಿದ್ದ 298 ಮೀಟರಿನಿಂದ ಕದಲಲಿಲ್ಲ. ಆರನೆಯ ವಾರದ ಕರೆಯಲ್ಲಿ ಫಿಸಿಯೊಥೆರಪಿಸ್ಟ್ ಕೇಳಿದರು: “ಇವುಗಳಲ್ಲಿ ಎಷ್ಟು ನಡಿಗೆಗಳಲ್ಲಿ ಕಾಲು ನೋವು ಬಂದಿತ್ತು, ಸರ್?” ಒಂದರಲ್ಲೂ ಇಲ್ಲ ಎಂದೆ. “ಹಾಗಾದರೆ ಅವನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದು ಬೇಡ” ಎಂದರು.

ಅಂದಿನಿಂದ ಲೆಕ್ಕವೇ ಬದಲಾಯಿತು. ಸೊನ್ನೆಯಿಂದ ನಾಲ್ಕರವರೆಗಿನ ನೋವಿನ ಅಳತೆಯಲ್ಲಿ ಮೂರನ್ನು ಮುಟ್ಟುವವರೆಗೆ ಚುರುಕಾಗಿ ನಡೆಯಬೇಕು, ನೋವು ಪೂರ್ತಿ ಇಳಿಯುವವರೆಗೆ ನಿಲ್ಲಬೇಕು, ಮತ್ತೆ ಹೊರಡಬೇಕು. ವಾರಕ್ಕೆ ಐದು ದಿನ, 15 ನಿಮಿಷದಿಂದ ಶುರುಮಾಡಿ ನಿಧಾನವಾಗಿ 45 ನಿಮಿಷದವರೆಗೆ. ನೋವು ಬಂದರೆ ನಿಲ್ಲಿಸು ಎಂದು ಜೀವಮಾನವಿಡೀ ಕೇಳಿಕೊಂಡು ಬಂದವನಿಗೆ ನೋವಿನೊಳಕ್ಕೆ ನಡೆಯಿರಿ ಎನ್ನುವ ಮಾತು ಸುಲಭಕ್ಕೆ ಒಗ್ಗುವುದಿಲ್ಲ, ಮತ್ತು ವಾರಕ್ಕೊಮ್ಮೆ ಒಬ್ಬರು ಕರೆಮಾಡಿ ವಿಚಾರಿಸದೇ ಇದ್ದಿದ್ದರೆ ನಾನು ಖಂಡಿತವಾಗಿ ಹಸಿರು ವೃತ್ತಕ್ಕೆ ಮರಳುತ್ತಿದ್ದೆ.

2021ರಲ್ಲಿ ಅಮೆರಿಕದ ಲೈಟ್ ಎಂಬ ಅಧ್ಯಯನದ ಫಲಿತಾಂಶ ಪ್ರಕಟವಾಗಿತ್ತು. 305 ರೋಗಿಗಳ ಆ ಅಧ್ಯಯನದಲ್ಲಿ ಕಾಲು ನೋಯುವಷ್ಟು ವೇಗವಾಗಿ ಮನೆಯ ಬಳಿ ನಡೆದವರ ಆರು ನಿಮಿಷದ ದೂರ 12 ತಿಂಗಳಲ್ಲಿ ಸರಾಸರಿ 34.5 ಮೀಟರ್ ಹೆಚ್ಚಿದರೆ, ನೋವು ಬಾರದಂತೆ ಆರಾಮವಾಗಿ ನಡೆದವರಲ್ಲಿ ಸುಧಾರಣೆಯೇ ಕಾಣಲಿಲ್ಲ. ಅದಕ್ಕೂ ಮೊದಲು, 2018ರಲ್ಲಿ ಪ್ರಕಟವಾದ ಆನರ್ ಅಧ್ಯಯನದಲ್ಲಿ 200 ಜನರ ಪೈಕಿ ಒಂದು ಗುಂಪಿಗೆ ಚಟುವಟಿಕೆ ಅಳೆಯುವ ಸಾಧನ ಮತ್ತು ಫೋನ್ ತರಬೇತಿ ಕೊಟ್ಟರೂ ಒಂಬತ್ತು ತಿಂಗಳ ನಂತರ ನಡಿಗೆಯ ದೂರದಲ್ಲಿ ಲಾಭವಾಗಲಿಲ್ಲ. ಇವು ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿಗಳಾಗಿದ್ದೂ ಆ್ಯಪ್ ರೂಪಿಸಿದವರು ಹೆಜ್ಜೆಯನ್ನೇ ಗುರಿಯಾಗಿ ಇಟ್ಟಿರುವುದಕ್ಕೆ ನನ್ನ ಮೊದಲ ಆಕ್ಷೇಪವಿದೆ. ನೋವಿನ ಅಂಕ ದಾಖಲಿಸಲು ಇಂದಿಗೂ ಅದರಲ್ಲಿ ಜಾಗವಿಲ್ಲ, ಟಿಪ್ಪಣಿಯಾಗಿ ಬರೆದಿಡಬೇಕು. ನೋವು ಇಳಿಯಲಿ ಎಂದು ನಿಂತಾಗ ಗಡಿಯಾರ ಕಂಪಿಸಿ “ನಡೆಯುತ್ತಿರಿ” ಎನ್ನುತ್ತದೆ.

ಆರು ತಿಂಗಳಿಗೆ ದೂರ 341 ಮೀಟರ್ ಆಯಿತು, ನಂತರ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ನೋವು ಶುರುವಾಗುವುದು ಈಗ ಏಳನೆಯ ನಿಮಿಷದ ಸುಮಾರಿಗೆ. ವರ್ಷದ ಕೊನೆಗೆ ಎಬಿಐ 0.67 ಬಂದಾಗ ನಿರಾಶೆಯಾಯಿತು. ನಡಿಗೆಯಿಂದ ಕಿರಿದಾದ ನಾಳ ಅಗಲವಾಗುವುದಿಲ್ಲ, ಸಿಗುವ ರಕ್ತದಲ್ಲೇ ಸ್ನಾಯು ಹೆಚ್ಚು ಕೆಲಸ ಮಾಡಲು ಕಲಿಯುತ್ತದೆ ಎಂದು ವೈದ್ಯರು ವಿವರಿಸಿದರು. ಸೇರುವ ದಿನವೇ ಇದನ್ನು ಕಾರ್ಯಕ್ರಮದವರು ಹೇಳಬಹುದಿತ್ತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಎಂಟನೆಯ ತಿಂಗಳಲ್ಲಿ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಚಿತ್ರ ತೆಗೆದು ಆ್ಯಪ್ ಮೂಲಕ ಕಳುಹಿಸಿದರೆ ಎರಡು ದಿನ ಉತ್ತರವೇ ಇಲ್ಲ. ಅಷ್ಟರೊಳಗೆ ನಾನೇ ವೈದ್ಯರ ಬಳಿ ಹೋಗಿದ್ದೆ. ರಕ್ತ ಸರಿಯಾಗಿ ಹರಿಯದ ಪಾದದಲ್ಲಿ ಸಣ್ಣ ಗಾಯವೂ ಮಾಯದೆ ಹುಣ್ಣಾಗಬಹುದು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಅದು ಗೊತ್ತೂ ಆಗದಿರಬಹುದು. ನಡೆಯಲು ಹೇಳುವ ಕಾರ್ಯಕ್ರಮವು ಪಾದವನ್ನು ದಿನವೂ ನೋಡಿಕೊಳ್ಳಿ ಎಂದು ಒಮ್ಮೆಯೂ ನೆನಪಿಸದಿರುವುದು ಕ್ಷಮಿಸುವಂಥ ಲೋಪವಲ್ಲ. ಮಲಗಿದ್ದಾಗಲೂ ಪಾದ ನೋಯುವವರು ಅಥವಾ ಮಾಯದ ಹುಣ್ಣಿರುವವರು ಇಂಥದ್ದಕ್ಕೆ ಸೇರುವ ಬದಲು ತಡಮಾಡದೆ ವೈದ್ಯರನ್ನು ಕಾಣಬೇಕು.

ಕರೆಗಳ ವಿಷಯದಲ್ಲೂ ಒಂದು ಮಾತು. ಆರು ತಿಂಗಳ ನಂತರ ವಾರದ ಕರೆ ನಿಂತು, ಹದಿನೈದು ದಿನಕ್ಕೊಮ್ಮೆ ಎಲ್ಲರಿಗೂ ಒಂದೇ ತೆರನಾದ ಸಂದೇಶ ಬರತೊಡಗಿತು. ಆ ತಿಂಗಳು ನನ್ನ ನಡಿಗೆ ವಾರಕ್ಕೆ ಐದು ದಿನದಿಂದ ಮೂರಕ್ಕೆ ಇಳಿದದ್ದು ನನ್ನ ದಾಖಲೆಯಲ್ಲೇ ಇದೆ. ಒತ್ತಾಯಿಸಿದ ಮೇಲೆ ತಿಂಗಳಿಗೊಂದು ಕರೆ ಮತ್ತೆ ಶುರುವಾಯಿತು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಮೂರು ಆ ಫಿಸಿಯೊಥೆರಪಿಸ್ಟ್‌ಗೆ. ಮುಂದಿನ ವರ್ಷಕ್ಕೆ ಕರೆಗಳನ್ನು ಮಾತ್ರ ಉಳಿಸಿಕೊಂಡು ಗಡಿಯಾರವನ್ನು ಹಿಂದಿರುಗಿಸಿದ್ದೇನೆ. ನಿಮಿಷ ಎಣಿಸಲು ಫೋನಿನ ಸ್ಟಾಪ್‌ವಾಚ್, ನೋವಿನ ಅಂಕ ಬರೆದಿಡಲು ಒಂದು ನೋಟ್‌ಬುಕ್ ಸಾಕಾಗುತ್ತಿವೆ.