ಅಡುಗೆ ಪುಸ್ತಕದ ಫೋಟೋಗೆ ಹಳಬರಾ, ಹೊಸಬರಾ?

ಮುಂದಿನ ಪುಸ್ತಕಕ್ಕೂ ಅದೇ ಫೋಟೋಗ್ರಾಫರ್ ಇರಲಾ, ಹೊಸಬರನ್ನು ಹುಡುಕಲಾ ಎಂದು ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಮೊದಲು ನೋಡಬೇಕಾದ್ದು ವೇಗ. ತಟ್ಟೆ ಬಂದ ಮೇಲೆ ಕಾಯೋಕಾಗಲ್ಲ. ಸೊಪ್ಪು ಬಾಡುತ್ತದೆ, ಐಸ್‌ಕ್ರೀಮ್ ಕರಗುತ್ತದೆ, ಸಾಸ್ ಮೇಲೆ ಪೊರೆ ಕಟ್ಟುತ್ತದೆ. ಪದರದ ಕೇಕನ್ನು ಎದುರಿನಿಂದ, ಚಪ್ಪಟೆ ತಿನಿಸನ್ನು ನೇರ ಮೇಲಿನಿಂದ ತೆಗೆಯಬೇಕು ಅನ್ನೋ ನಿಮ್ಮ ಇಷ್ಟ ಹಳಬರಿಗೆ ಗೊತ್ತಿರುತ್ತದೆ. ಹೊಸಬರಾದರೆ ಮೊದಲು ಒಂದು ಟೆಸ್ಟ್ ಶೂಟ್ ಇಟ್ಟುಕೊಳ್ಳಿ.

ಖರ್ಚಿನಲ್ಲಿ ಹಳಬರು ಅಗ್ಗ ಅಂತೇನಿಲ್ಲ. ಮತ್ತೆ ತೆಗೆಯುವ ಕೆಲಸ ಕಡಿಮೆಯಾಗಬಹುದು, ಅಷ್ಟೇ. ಚಿತ್ರದ ಹಕ್ಕು ಯಾರದು, ಎಲ್ಲೆಲ್ಲಿ ಬಳಸಬಹುದು ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳಿ. ಸ್ನೇಹ ಇದ್ದ ಕಡೆಯೇ ಇದು ಜಾಸ್ತಿ ಬಿಟ್ಟುಹೋಗುವುದು!

ಹಳೇ ಜೋಡಿಯ ತೊಂದರೆ ನೋಟದಲ್ಲಿದೆ. ಅದೇ ಕಿಟಕಿ ಬೆಳಕು, ಅದೇ ಮರದ ಹಲಗೆ, ಅದೇ ಮಡಿಸಿದ ಬಟ್ಟೆ. ಸರಣಿ ಪುಸ್ತಕವಾದರೆ ಇದೇ ಲಾಭ, ಅಲ್ವಾ? ವಿಷಯ ಪೂರ್ತಿ ಬದಲಾಗಿದ್ದರೆ ಹೊಸ ಕಣ್ಣು ಒಳ್ಳೆಯದು. ಎರಡೂ ಬೇಕೆನಿಸಿದರೆ ಫೋಟೋಗ್ರಾಫರನ್ನು ಉಳಿಸಿಕೊಂಡು ಫುಡ್ ಸ್ಟೈಲಿಸ್ಟನ್ನು (ಫೋಟೋಗೆ ತಿನಿಸನ್ನು ಅಂದವಾಗಿ ಜೋಡಿಸುವವರನ್ನು) ಬದಲಿಸಿ ನೋಡಿ.